ದಿನಕ್ಕೊಂದು ಮಿಲಿಮೀಟರ್

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿದ ಮೇಲೆ ಮೇಕಪ್ ಒರೆಸಿಕೊಳ್ತಾ ಮೊಬೈಲ್ ನೋಡೋದು ನನ್ನ ಅಭ್ಯಾಸ. ವೀಕ್ಷಕರ ಮೆಸೇಜುಗಳಲ್ಲಿ ಅರ್ಧ ಬೈಗುಳ, ಕಾಲುಭಾಗ ಗುಡ್ ನೈಟ್ ಚಿತ್ರಗಳು. ಉಳಿದ ಕಾಲುಭಾಗಕ್ಕಾಗಿ ಎಲ್ಲವನ್ನೂ ಓದ್ತೀನಿ. ಒಂದು ರಾತ್ರಿ ಹಾವೇರಿ ಕಡೆಯ ಒಬ್ಬ ಹುಡುಗ ಬರೆದಿದ್ದ. ವಯಸ್ಸು ಇಪ್ಪತ್ತೆರಡು. ಎತ್ತರ 164 ಸೆಂಟಿಮೀಟರ್. ಪೊಲೀಸ್ ಕಾನ್‌ಸ್ಟೆಬಲ್ ಆಗೋದಕ್ಕೆ ಗಂಡಸರಿಗೆ 168 ಬೇಕು. "ಸರ್, ಕಾಲು ಉದ್ದ ಮಾಡೋ ಆಪರೇಷನ್ ಬಗ್ಗೆ ನಿಮ್ಮ ಚಾನೆಲ್‌ನಲ್ಲೇ ತೋರಿಸಿದ್ರಿ. ಎಷ್ಟು ಖರ್ಚು ಬರುತ್ತೆ? ಅಪ್ಪ ಹೊಲ ಅಡ ಇಡ್ತೀನಿ ಅಂತಿದ್ದಾರೆ."

ಹೌದು, ತೋರಿಸಿದ್ವಿ. ಒಂದೂವರೆ ನಿಮಿಷದ ಸ್ಟೋರಿ. ಎಡಗಡೆ ಮೊದಲಿನ ಫೋಟೋ, ಬಲಗಡೆ ಆಮೇಲಿನ ಫೋಟೋ, ಹಿಂದೆ ಜೋರು ಮ್ಯೂಸಿಕ್. "ಕುಳ್ಳಗಿದ್ದೀರಾ? ಇನ್ನು ಚಿಂತೆ ಬಿಡಿ" ಅನ್ನೋ ಸಾಲು ಓದಿದ್ದು ಇದೇ ಬಾಯಿ. ಆ ಒಂದೂವರೆ ನಿಮಿಷದ ಸಾಲವನ್ನು ಈ ಬರಹದಲ್ಲಿ ತೀರಿಸೋಣ ಅಂತ ಕೂತಿದ್ದೀನಿ.

ಮೊದಲು ನನ್ನದೇ ಒಂದು ಗುಟ್ಟು. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಹಾವೇರಿ ಹುಡುಗನಿಗಿಂತ ನಾನೇ ಒಂದು ಕೂದಲೆಳೆ ಗಿಡ್ಡ. ಸ್ಟುಡಿಯೋದಲ್ಲಿ ನಿಂತು ಮಾತಾಡೋ ಕಾರ್ಯಕ್ರಮ ಇದ್ದಾಗ ನನ್ನ ಕಾಲಡಿಯಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತೆ. ಕ್ಯಾಮೆರಾ ಅದನ್ನ ತೋರಿಸೋದಿಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನನಗಿದ್ದ ಹೆಸರನ್ನು ಇಲ್ಲಿ ಬರೆಯೋದಿಲ್ಲ, ನೀವೇ ಊಹಿಸಿಕೊಳ್ಳಿ. ಹೆಣ್ಣು ನೋಡೋಕೆ ಹೋದ ಒಂದು ಮನೆಯಲ್ಲಿ ಹುಡುಗಿಯ ಚಿಕ್ಕಮ್ಮ ಕಾಫಿ ಲೋಟ ಕೆಳಗಿಡ್ತಾ, "ಟೀವಿಯಲ್ಲಿ ಎತ್ತರ ಕಾಣ್ತೀರಲ್ಲ!" ಅಂದಿದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ರಾತ್ರಿ ಮನೆಗೆ ಬಂದು ಇದೇ ಆಪರೇಷನ್ ಬಗ್ಗೆ ಬೆಳಗಿನ ಜಾವ ಮೂರರವರೆಗೆ ಹುಡುಕಿದ್ದೆ. ಹಾಗಾಗಿ ಆ ಹುಡುಗನ ಮೆಸೇಜ್ ನೋಡಿ ನನಗೆ ನಗು ಬರಲಿಲ್ಲ.

ಆಗ ಗೊತ್ತಾಗಿದ್ದು, ಈ ಆಪರೇಷನ್ನಿನ ಹಿಂದೆ ಎಂಥ ಚರಿತ್ರೆ ಇದೆ ಅಂತ. ಮೆಕ್ಯಾನಿಕಲ್ ಓದಿದವನಿಗೆ ಅದು ಇನ್ನೂ ಹತ್ತಿರ. ಯಾಕಂದ್ರೆ ಇದರ ನಾಯಕನನ್ನ ಮಾಸ್ಕೋದ ದೊಡ್ಡ ಡಾಕ್ಟರುಗಳು ಗೇಲಿ ಮಾಡ್ತಾ ಇದ್ದದ್ದು 'ಬೀಗ ರಿಪೇರಿ ಮಾಡೋನು' ಅಂತ.

ಮೂಳೆ ಎಳೆದು ಉದ್ದ ಮಾಡೋ ಪ್ರಯತ್ನ ಅವನಿಂದಲೇ ಶುರುವಾಗಿದ್ದಲ್ಲ. ಇಟಲಿಯ ಬೊಲೋನ್ಯಾದಲ್ಲಿ ಅಲೆಸ್ಸಾಂಡ್ರೊ ಕೊದಿವಿಲ್ಲ ಅನ್ನೋ ಶಸ್ತ್ರವೈದ್ಯ 1905ರಲ್ಲೇ ಇದರ ಬಗ್ಗೆ ಪ್ರಕಟಿಸಿದ್ದ. ಮೂಳೆ ಕತ್ತರಿಸೋದು, ಹಿಮ್ಮಡಿಯ ಮೂಳೆಗೆ ಮೊಳೆ ಹೊಡೆದು ಜೋರಾಗಿ ಎಳೆಯೋದು, ಪ್ಲಾಸ್ಟರ್ ಹಾಕೋದು. ಅದು ಗಿಡ್ಡಗಿರುವವರಿಗಲ್ಲ, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕುಂಟುತ್ತಿದ್ದವರಿಗೆ. ಪೋಲಿಯೋ, ಮೂಳೆಯ ಸೋಂಕು, ಹುಟ್ಟಿನಿಂದ ಬಂದ ಊನ, ಸರಿಯಾಗಿ ಕೂಡದ ಮುರಿತ. ಆಮೇಲೆ ಅಮೆರಿಕದಲ್ಲಿ, ಜರ್ಮನಿಯಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಯಂತ್ರ ಮಾಡಿದರು. ಜರ್ಮನಿಯ ಹೈಂಜ್ ವಾಗ್ನರ್ ಪದ್ಧತಿಯಲ್ಲಿ ಮೊದಲು ಎಳೆಯೋದು, ಆಮೇಲೆ ಉಂಟಾದ ಖಾಲಿ ಜಾಗಕ್ಕೆ ಸೊಂಟದಿಂದ ಮೂಳೆ ತಂದು ತುಂಬೋದು, ಲೋಹದ ಪ್ಲೇಟ್ ಹಾಕೋದು, ಮತ್ತೊಮ್ಮೆ ತೆಗೆಯೋದು. ಎಲ್ಲರದ್ದೂ ಒಂದೇ ತೊಂದರೆ: ಎಳೆದರೆ ಜಾಗ ಸಿಗುತ್ತಿತ್ತು, ಆದರೆ ಅಲ್ಲಿ ಮೂಳೆ ತಾನಾಗಿ ಸರಿಯಾಗಿ ಬೆಳೀತಿರಲಿಲ್ಲ. ನರ ಕೆಡುತ್ತಿತ್ತು, ಕೀವು ತುಂಬುತ್ತಿತ್ತು.

ಈಗ ಸೈಬೀರಿಯಾಗೆ ಬನ್ನಿ.

ಗವ್ರೀಲ್ ಇಲಿಜಾರೊವ್ ಹುಟ್ಟಿದ್ದು 1921ರಲ್ಲಿ, ಬೆಳೆದದ್ದು ಇವತ್ತಿನ ಅಜರ್‌ಬೈಜಾನ್‌ನ ಕುಸಾರ್ ಅನ್ನೋ ಬೆಟ್ಟದ ಊರಲ್ಲಿ. ಬಡ ಯಹೂದಿ ಕುಟುಂಬ. ಕ್ರಿಮಿಯಾದ ಸಿಂಫೆರೊಪೊಲ್ ವೈದ್ಯಕೀಯ ಕಾಲೇಜಿಗೆ ಸೇರಿದ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ಕಾಲೇಜನ್ನೇ ಎತ್ತಿ ಕಜಾಕಸ್ತಾನಕ್ಕೆ ಸಾಗಿಸಿದರು. 1944ರಲ್ಲಿ ಓದು ಮುಗಿಯಿತು. ಸರ್ಕಾರ ಅವನನ್ನು ಕಳಿಸಿದ್ದು ಪಶ್ಚಿಮ ಸೈಬೀರಿಯಾದ ಕುರ್ಗಾನ್ ಪ್ರಾಂತ್ಯದ ಡೊಲ್ಗೊವ್ಕಾ ಅನ್ನೋ ಹಳ್ಳಿಗೆ. ನಮ್ಮಲ್ಲಿ ಎಂಬಿಬಿಎಸ್ ಮುಗಿಸಿದವರನ್ನ ಗ್ರಾಮೀಣ ಸೇವೆಗೆ ಹಾಕಿದಾಗ ಎಷ್ಟು ಗಲಾಟೆ ಆಗುತ್ತೆ, ಚರ್ಚೆಗೆ ಕರೆದು ನೋಡಿದ್ದೀನಿ. ಆ ಮನುಷ್ಯನಿಗೆ ಗಲಾಟೆ ಮಾಡೋ ಅವಕಾಶ ಇರಲಿಲ್ಲ.

ಅವನ ಮುಂದೆ ಸಾಲುಗಟ್ಟಿದ್ದು ಯುದ್ಧದಿಂದ ಮರಳಿದ ಸೈನಿಕರು. ಗುಂಡು, ಬಾಂಬಿನ ಚೂರು ತಗುಲಿ ಮುರಿದ ಮೂಳೆಗಳು ವರ್ಷಗಟ್ಟಲೆ ಕೂಡದೆ ಹಾಗೇ ಇದ್ದವು. ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸೋದು ಆ ಕಾಲದ ದಾರಿ. ಕೂಡದಿದ್ದರೆ ಕತ್ತರಿಸೋದು. ಇವನಿಗೆ ಅನ್ನಿಸಿದ್ದು ಒಂದೇ: ಮುರಿದ ಎರಡು ತುಂಡು ಅಲುಗಾಡದ ಹಾಗೆ ಹೊರಗಿನಿಂದ ಹಿಡಿದಿಟ್ಟರೆ, ಒಂದಕ್ಕೊಂದು ಒತ್ತಿ ಹಿಡಿದರೆ, ಕೂಡಬೇಕಲ್ಲ? ಕುದುರೆ ಗಾಡಿಯ ಮೂಕಿ ಮತ್ತು ಕುದುರೆಯ ಕೊರಳಪಟ್ಟಿ ಜೋಡಿಸಿರುವ ರೀತಿ ನೋಡಿ ಅವನಿಗೆ ಇದು ಹೊಳೆಯಿತು ಅಂತ ಹೇಳ್ತಾರೆ. ಸೈಕಲ್ ಚಕ್ರ ನೋಡಿ ಅಂತಲೂ ಹೇಳ್ತಾರೆ. ನನ್ನ ಓಟು ಸೈಕಲ್ಲಿಗೆ, ಯಾಕೆ ಅಂತ ಹೇಳ್ತೀನಿ.

ಸೈಕಲ್ ಚಕ್ರದ ಕಡ್ಡಿ ಬೆರಳಲ್ಲಿ ಬಗ್ಗಿಸಬಹುದಾದಷ್ಟು ಸಣ್ಣದು. ಆದರೆ ಸುತ್ತಲೂ ಬಿಗಿಯಾಗಿ ಎಳೆದು ಕಟ್ಟಿದಾಗ ಅದೇ ಕಡ್ಡಿಗಳು ನಿಮ್ಮನ್ನ, ಹಿಂದೆ ಕೂತವನನ್ನ, ಕ್ಯಾರಿಯರ್ ಮೇಲಿನ ಅಕ್ಕಿ ಮೂಟೆಯನ್ನ ಹೊರುತ್ತವೆ. ಇಲಿಜಾರೊವ್ ಯಂತ್ರವೂ ಅದೇ. ಕಾಲಿನ ಸುತ್ತ ಲೋಹದ ಬಳೆಗಳು. ಆ ಬಳೆಗಳಿಂದ ಚರ್ಮ, ಮಾಂಸ, ಮೂಳೆ ದಾಟಿ ಆಚೆ ಬರುವ ತೆಳ್ಳಗಿನ ಸ್ಟೀಲ್ ತಂತಿಗಳು, ಒಂದೂವರೆ ಮಿಲಿಮೀಟರ್ ದಪ್ಪ, ಇಲ್ಲಾ 1.8. ಒಂದೊಂದು ತಂತಿಯನ್ನೂ ಸುಮಾರು ನೂರು ಕೆಜಿ ತೂಕ ನೇತುಹಾಕಿದಷ್ಟು ಬಿಗಿಯಲ್ಲಿ ಎಳೆದು ಕಟ್ಟುತ್ತಾರೆ. ಬಳೆಯಿಂದ ಬಳೆಗೆ ಮರೆ ಕೊರೆದ ಕಡ್ಡಿಗಳು, ಅದಕ್ಕೆ ನಟ್ಟು. ರೋಗಿ ಈ ಯಂತ್ರ ಹಾಕಿಕೊಂಡೇ ಕಾಲೂರಿ ನಡೆಯಬಹುದು. ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದ ಮುಂದೆ ಅರ್ಧ ಗಂಟೆ ನಿಂತರೆ ಕಾಣುತ್ತೆ: ಬೈಕ್ ಅಪಘಾತದಲ್ಲಿ ಕಾಲು ಪುಡಿಯಾದ ಹುಡುಗ, ಲುಂಗಿ ಎತ್ತಿ ಕಟ್ಟಿಕೊಂಡು, ಬಳೆ ಬಳೆ ಯಂತ್ರ ಹೊತ್ತು ವಾಕರ್ ಹಿಡಿದು ಬರ್ತಾ ಇರ್ತಾನೆ. ಅದು ಕುರ್ಗಾನ್‌ನಿಂದ ಬಂದದ್ದು. 1950ರ ದಶಕದ ಆರಂಭದ ಯೋಚನೆ, ಇವತ್ತಿಗೂ ಕಾಲು ಉಳಿಸ್ತಾ ಇದೆ.

ಉದ್ದ ಮಾಡೋ ವಿಷಯ ಆಕಸ್ಮಿಕ ಅಂತ ಕಥೆ ಇದೆ. ಮುರಿದ ತುಂಡುಗಳನ್ನು ಒತ್ತಿ ಹಿಡಿಯಲು ನಟ್ಟು ಬಿಗಿ ಮಾಡು ಅಂತ ಒಬ್ಬ ರೋಗಿಗೆ ಹೇಳಿದ್ದರಂತೆ. ಆತ ಉಲ್ಟಾ ತಿರುಗಿಸಿದ. ತುಂಡುಗಳು ಹತ್ತಿರ ಬರೋ ಬದಲು ನಿಧಾನಕ್ಕೆ ದೂರ ಸರಿದವು. ಎಕ್ಸ್‌ರೇ ತೆಗೆದು ನೋಡಿದರೆ ನಡುವಿನ ಜಾಗದಲ್ಲಿ ಹೊಸ ಮೂಳೆ! ಕಥೆ ನಿಜವೋ ಉಪ್ಪುಖಾರ ಹಚ್ಚಿದ್ದೋ, ಆಮೇಲೆ ಇಲಿಜಾರೊವ್ ಮಾಡಿದ್ದು ಮಾತ್ರ ವರ್ಷಗಟ್ಟಲೆಯ ಪ್ರಯೋಗ. ನಾಯಿಗಳ ಮೇಲೆ, ಬೇರೆ ಬೇರೆ ವೇಗದಲ್ಲಿ ಎಳೆದು ನೋಡಿದ. ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಮೂಳೆ ಬೇಗ ಕೂಡಿ ಗಟ್ಟಿಯಾಗಿ ಎಳೆತಕ್ಕೇ ಸಿಗೋದಿಲ್ಲ. ಎರಡು ಮಿಲಿಮೀಟರ್ ಎಳೆದರೆ ಮೂಳೆ ಬೆಳೆಯೋದಿಲ್ಲ, ನರ ಸ್ನಾಯು ಹಾಳು. ದಿನಕ್ಕೆ ಒಂದು ಮಿಲಿಮೀಟರ್ ಸರಿ. ಅದೂ ಒಂದೇ ಸಲ ಅಲ್ಲ, ನಾಲ್ಕು ಸಲ, ಕಾಲು ಕಾಲು ಮಿಲಿಮೀಟರ್.

ಆ ಕಡ್ಡಿಯ ಮರೆ ಎಷ್ಟು ಗೊತ್ತಾ? ಒಂದು ಮಿಲಿಮೀಟರ್. ಅಂದರೆ ನಟ್ಟು ಒಂದು ಪೂರ್ತಿ ಸುತ್ತು ತಿರುಗಿದರೆ ಒಂದು ಮಿಲಿಮೀಟರ್ ಸರಿಯುತ್ತೆ, ಕಾಲು ಸುತ್ತಿಗೆ ಕಾಲು ಮಿಲಿಮೀಟರ್. ಓದು ಬರಹ ಬಾರದ ಹಳ್ಳಿಯವನೂ ಸ್ಪ್ಯಾನರ್ ಹಿಡಿದು ಲೆಕ್ಕ ತಪ್ಪದೆ ಮಾಡಬಹುದು. ಎರಡನೇ ವರ್ಷದಲ್ಲಿ ಥ್ರೆಡ್ ಪಿಚ್ ಪಾಠವನ್ನ ಕೊನೆ ಬೆಂಚಲ್ಲಿ ನಿದ್ದೆ ಹೊಡೆದು ಕಳೆದವನು ನಾನು. ಇದು ಓದಿದ ದಿನ ಆ ಮೇಷ್ಟ್ರ ನೆನಪಾಯ್ತು.

ಮಾಸ್ಕೋ ಮಾತ್ರ ಬಹಳ ಕಾಲ ಕೇಳಲಿಲ್ಲ. ಎಲ್ಲೋ ಸೈಬೀರಿಯಾದ ಮೂಲೆಯವನು, ದೊಡ್ಡ ಸಂಸ್ಥೆಯವನಲ್ಲ, ನಟ್ಟು ಬೋಲ್ಟು ಹಿಡಿದುಕೊಂಡು ಬಂದಿದ್ದಾನೆ ಅಂತ ತಾತ್ಸಾರ. ಬಾಗಿಲು ತೆಗೆದದ್ದು ಒಬ್ಬ ಕ್ರೀಡಾಪಟುವಿನ ಕಾಲು. ವಲೇರಿ ಬ್ರೂಮೆಲ್, 1964ರ ಟೋಕಿಯೋ ಒಲಿಂಪಿಕ್ಸ್ ಎತ್ತರ ಜಿಗಿತದ ಚಿನ್ನ ಗೆದ್ದವನು. ಅದಕ್ಕೂ ಹಿಂದಿನ ವರ್ಷ 2.28 ಮೀಟರ್ ಜಿಗಿದು ವಿಶ್ವದಾಖಲೆ ಮಾಡಿದವನು. 1965ರಲ್ಲಿ ಮೋಟಾರ್ ಸೈಕಲ್ ಅಪಘಾತ. ಕಾಲು ಪುಡಿಪುಡಿ. ಮೇಲಿಂದ ಮೇಲೆ ಆಪರೇಷನ್ ಆದವು, ಮೂಳೆ ಕೂಡಲಿಲ್ಲ, ಕೀವು ನಿಲ್ಲಲಿಲ್ಲ, ಕಾಲು ಗಿಡ್ಡವಾಯಿತು. ಕೊನೆಗೆ 1968ರಲ್ಲಿ ಕುರ್ಗಾನ್‌ಗೆ ಹೋದ. ಮೂಳೆ ಕೂಡಿತು, ಉದ್ದವೂ ಸರಿಹೋಯಿತು. ಬ್ರೂಮೆಲ್ ಮತ್ತೆ ಜಿಗಿದ, ಎರಡು ಮೀಟರಿಗೂ ಮೇಲೆ. ಹಳೇ ಎತ್ತರ ಮತ್ತೆ ಸಿಗಲಿಲ್ಲ, ಅದು ಬೇರೆ ಮಾತು. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಸಂಗೀತಗಾರ ಶೊಸ್ಟಕೊವಿಚ್ ಕೂಡ ಕೈಕಾಲಿನ ಶಕ್ತಿ ಕುಂದಿದಾಗ 1970ರಲ್ಲಿ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದ. 1971ರಲ್ಲಿ ಕುರ್ಗಾನ್‌ನಲ್ಲೇ ಒಂದು ಸಂಶೋಧನಾ ಸಂಸ್ಥೆ ಎದ್ದಿತು.

ಆದರೆ ಇದೆಲ್ಲ ಕಬ್ಬಿಣದ ಪರದೆಯ ಒಳಗಿನ ಮಾತು. ಹೊರಗೆ ಬಂದದ್ದು ಇನ್ನೊಬ್ಬನ ಕಾಲಿನಿಂದ. ಕಾರ್ಲೊ ಮೌರಿ ಇಟಲಿಯ ಪರ್ವತಾರೋಹಿ. 1958ರಲ್ಲಿ ಕಾರಕೋರಂನ ಗಾಶರ್‌ಬ್ರಮ್ 4 ಶಿಖರವನ್ನು ವಾಲ್ಟರ್ ಬೊನಾಟಿ ಜೊತೆ ಮೊದಲ ಬಾರಿಗೆ ಹತ್ತಿದವನು. ಆಮೇಲೆ ಸ್ಕೀಯಿಂಗ್ ಮಾಡುವಾಗ ಕಾಲು ಮುರಿದು, ಸರಿಯಾಗಿ ಕೂಡದೆ, ಗಿಡ್ಡ ಕಾಲಿನಲ್ಲೇ ಇಪ್ಪತ್ತು ವರ್ಷ ಕುಂಟಿದ. ಕುಂಟುತ್ತಲೇ ಥಾರ್ ಹೆಯೆರ್‌ಡಾಲ್‌ನ ಜೊಂಡಿನ ದೋಣಿ 'ರಾ' ಹತ್ತಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದ. ಅದೇ ದೋಣಿಯಲ್ಲಿ ಯೂರಿ ಸೆಂಕೆವಿಚ್ ಅನ್ನೋ ಸೋವಿಯತ್ ಡಾಕ್ಟರ್ ಇದ್ದ. ಕುರ್ಗಾನ್ ಬಗ್ಗೆ ಹೇಳಿದವನು ಅವನೇ. 1980ರಲ್ಲಿ ಮೌರಿ ಸೈಬೀರಿಯಾಗೆ ಹೋದ. ಸಮ ಕಾಲಿನಲ್ಲಿ ನಡೆದು ಇಟಲಿಗೆ ಬಂದ. ಇಲಿಜಾರೊವ್‌ನನ್ನ 'ಮೂಳೆವೈದ್ಯದ ಮೈಕೆಲ್ಯಾಂಜೆಲೊ' ಅಂತ ಕರೆದ. ಅವನ ಊರು ಲೆಕ್ಕೊದ ಡಾಕ್ಟರುಗಳು ಆ ಕಾಲು ನೋಡಿ ದಂಗಾದರು. ಮರುವರ್ಷ, 1981ರಲ್ಲಿ, ಇಟಲಿಯ ಬೆಲ್ಲಾಜಿಯೊದಲ್ಲಿ ನಡೆದ ಸಮ್ಮೇಳನಕ್ಕೆ ಇಲಿಜಾರೊವ್‌ನನ್ನ ಕರೆಸಿದರು. ಅರವತ್ತು ಮುಟ್ಟಿದ ಮನುಷ್ಯ ಪಶ್ಚಿಮದ ವೈದ್ಯರ ಮುಂದೆ ಮೊದಲ ಸಲ ತನ್ನ ಎಕ್ಸ್‌ರೇಗಳನ್ನು ತೋರಿಸಿದ. ಮುಗಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾನು ಇಲ್ಲಿಗೇ ನಿಲ್ಲಿಸಿದ್ದರೆ ಇದು ಬರೀ ಸಿಹಿ ಕಥೆ. ಹಾವೇರಿ ಹುಡುಗನ ಪ್ರಶ್ನೆಗೆ ಉತ್ತರ ಅಲ್ಲ.

ಬ್ರೂಮೆಲ್, ಮೌರಿ, ಯುದ್ಧದ ಸೈನಿಕರು, ಬೆಂಗಳೂರಿನ ಬೈಕ್ ಹುಡುಗ, ಇವರೆಲ್ಲರ ಕಾಲು ಮೊದಲೇ ಕೆಟ್ಟಿತ್ತು. ಕಳಕೊಳ್ಳೋದಕ್ಕೆ ಹೆಚ್ಚೇನೂ ಇರಲಿಲ್ಲ. ಅಪಾಯದ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡೀ ಕಾಲೇ ಇತ್ತು. ನಂತರ ಬಂದವರು ಹುಟ್ಟಿನಿಂದಲೇ ಕೈಕಾಲು ಬಹಳ ಗಿಡ್ಡ ಇರುವವರು. ಸ್ಪೇನ್, ಇಟಲಿಯಲ್ಲಿ ಅಂಥ ಮಕ್ಕಳ ಕಾಲು ಉದ್ದ ಮಾಡಿದರು. ಬಸ್ಸಿನ ಮೆಟ್ಟಿಲು, ಸ್ವಿಚ್ಚು, ಶೌಚಾಲಯ, ಇವೆಲ್ಲ ಕೈಗೆಟುಕಲಿ ಅಂತ. ಅದು ಸರಿಯೋ ತಪ್ಪೋ ಅಂತ ಅವರ ನಡುವೆಯೇ ವಾದ ಇದೆ, ಆ ವಾದದಲ್ಲಿ ನಾನು ಮೂಗು ತೂರಿಸೋದಿಲ್ಲ. ಮೂರನೆಯವರು ನನ್ನಂಥವರು. ಕಾಲಲ್ಲಿ ಏನೂ ದೋಷ ಇಲ್ಲ, ಓಡಬಲ್ಲೆ, ಕುಣಿಯಬಲ್ಲೆ, ಚಿಕ್ಕಮ್ಮನ ಕಣ್ಣಿಗೆ ಮಾತ್ರ ಸಾಲದು. ನೆಟ್ಟಗಿರೋ ಎರಡು ಕಾಲನ್ನೂ ಬೇಕಂತಲೇ ಮುರಿಸಿಕೊಳ್ಳೋದು ಇಲ್ಲಿಂದ ಶುರು.

ಇದನ್ನ ದೊಡ್ಡ ಪ್ರಮಾಣದಲ್ಲಿ ಮೊದಲು ನೋಡಿದ್ದು ಚೀನಾ. ಅಲ್ಲಿ ಉದ್ಯೋಗದ ಜಾಹೀರಾತುಗಳಲ್ಲೇ ಇಷ್ಟು ಎತ್ತರ ಇರಬೇಕು ಅಂತ ಹಾಕ್ತಿದ್ದ ಕಾಲ. ಪೊಲೀಸ್ ಕೆಲಸಕ್ಕಷ್ಟೇ ಅಲ್ಲ, ಕಚೇರಿ ಕೆಲಸಕ್ಕೂ. ಒಳ್ಳೇ ಕೆಲಸ, ಒಳ್ಳೇ ಸಂಬಂಧ ಸಿಗಲಿ ಅಂತ ಯುವಕ ಯುವತಿಯರು ಕಾಲು ಮುರಿಸಿಕೊಂಡು ಬಳೆ ಹಾಕಿಸಿಕೊಂಡರು. ಬೇಡಿಕೆ ಏರಿತು, ಅನುಭವ ಇಲ್ಲದವರೂ ಅಂಗಡಿ ತೆರೆದರು. ಸೊಟ್ಟಗೆ ಕೂಡಿದ ಮೂಳೆ, ಕೂಡದೇ ಹೋದ ಮೂಳೆ, ನೆಲಕ್ಕೆ ಊರಲಾಗದ ಪಾದ, ಇಂಥ ದೂರುಗಳು ಸಾಲಾಗಿ ಬಂದವು. 2006ರಲ್ಲಿ ಚೀನಾದ ಆರೋಗ್ಯ ಸಚಿವಾಲಯ ಸೌಂದರ್ಯಕ್ಕಾಗಿ ಈ ಆಪರೇಷನ್ ಮಾಡುವುದನ್ನೇ ನಿಷೇಧಿಸಿತು. ವೈದ್ಯಕೀಯ ಕಾರಣ ಇದ್ದರೆ ಮಾತ್ರ ಅನುಮತಿ.

ಈ ನಡುವೆ ಯಂತ್ರ ಕಾಲಿನ ಒಳಗೆ ಹೋಯಿತು. ನಮ್ಮ ಜನ 'ರಾಡ್ ಹಾಕಿದ್ದಾರೆ' ಅಂತಾರಲ್ಲ, ಅಂಥದೇ ರಾಡು, ಆದರೆ ರೇಡಿಯೋ ಏರಿಯಲ್ ಥರ ಒಂದರೊಳಗೊಂದು ಸೇರಿಕೊಂಡು ಉದ್ದ ಆಗುವಂಥದ್ದು. ಇಂಥದ್ದರ ಆರಂಭದ ಪ್ರಯತ್ನಗಳಲ್ಲಿ ಒಂದು 1980ರ ದಶಕದಲ್ಲಿ ಬ್ಲಿಸ್ಕುನೊವ್ ಅನ್ನೋ ವೈದ್ಯ ಮಾಡಿದ್ದು. ಎಲ್ಲಿ ಗೊತ್ತಾ? ಇಲಿಜಾರೊವ್ ಓದಲು ಸೇರಿದ್ದ ಅದೇ ಸಿಂಫೆರೊಪೊಲ್‌ನಲ್ಲಿ. ಫ್ರಾನ್ಸ್, ಜರ್ಮನಿಯವರೂ ಮಾಡಿದರು. 2011ರಲ್ಲಿ ಅಮೆರಿಕದಲ್ಲಿ 'ಪ್ರಿಸೈಸ್' ಅನ್ನೋ ರಾಡಿಗೆ ಒಪ್ಪಿಗೆ ಸಿಕ್ಕಿತು. ಒಳಗೊಂದು ಅಯಸ್ಕಾಂತ; ಹೊರಗಿನಿಂದ ತೊಡೆಯ ಮೇಲೆ ಒಂದು ಯಂತ್ರ ಇಟ್ಟರೆ ಒಳಗಿನ ಅಯಸ್ಕಾಂತ ತಿರುಗಿ ರಾಡು ಕಾಲು ಕಾಲು ಮಿಲಿಮೀಟರ್ ಉದ್ದ ಆಗುತ್ತೆ. ಬಳೆ ಇಲ್ಲ, ತಂತಿ ಇಲ್ಲ, ಚರ್ಮದಲ್ಲಿ ತೂತಿಲ್ಲ, ಹೊರಗಿನವರಿಗೆ ಕಾಣೋದೂ ಇಲ್ಲ. ಶ್ರೀಮಂತರ ಗುಟ್ಟಿನ ಆಪರೇಷನ್ ಆಗಿದ್ದು ಈ ರಾಡಿನ ಮೇಲೆಯೇ. 1997ರ 'ಗಟ್ಟಾಕ' ಸಿನಿಮಾದಲ್ಲಿ ನಾಯಕ ಇನ್ನೊಬ್ಬನ ಗುರುತು ಕದಿಯಲು ಕಾಲು ಉದ್ದ ಮಾಡಿಸಿಕೊಳ್ತಾನೆ, ಆಗ ಅದು ಭವಿಷ್ಯದ ಕಲ್ಪನೆ. 2025ರ 'ಮೆಟೀರಿಯಲಿಸ್ಟ್ಸ್' ಸಿನಿಮಾದಲ್ಲಿ ಅದು ಮದುವೆ ಮಾರುಕಟ್ಟೆಯ ಮಾತು.

ಇಂಜಿನಿಯರ್ ಆಗಿ ನನ್ನನ್ನ ಬೆಚ್ಚಿಬೀಳಿಸಿದ್ದು ಪ್ರಿಸೈಸ್‌ನ ತಮ್ಮ, 'ಸ್ಟ್ರೈಡ್' ಕಥೆ. ಮೊದಲಿನ ರಾಡು ಟೈಟಾನಿಯಂದು, ಪೂರ್ತಿ ಮೈಭಾರ ತಾಳುತ್ತಿರಲಿಲ್ಲ. ಮೂಳೆ ಗಟ್ಟಿಯಾಗುವವರೆಗೆ ಊರುಗೋಲೇ ಗತಿ. 2018ರ ಹೊತ್ತಿಗೆ ಸ್ಟೀಲಿನ ಸ್ಟ್ರೈಡ್ ಬಂತು: ಭಾರ ಊರಬಹುದು, ಬೇಗ ಓಡಾಡಬಹುದು. ಎರಡೂ ಕಾಲು ಒಟ್ಟಿಗೆ ಮಾಡಿಸಿಕೊಳ್ಳುವವರಿಗೆ ಇದು ವರ ಅಂತ ಸುದ್ದಿ. 2021ರ ಆರಂಭದಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಒಂದರೊಳಗೊಂದು ಜಾರುವ ಆ ಸಂದಿನಲ್ಲಿ ಲೋಹ ಸವೆದು ತುಕ್ಕು ಕಾಣಿಸಿಕೊಂಡಿತ್ತು. ಸುತ್ತಲಿನ ಮೂಳೆಯಲ್ಲಿ ಅಸಹಜ ಬದಲಾವಣೆ, ನೋವು. ಕಾರಿನ ಬಿಡಿಭಾಗ ವಾಪಸ್ ಕೊಡೋದು ಬೇರೆ. ತೊಡೆಯ ಮೂಳೆಯೊಳಗಿನ ರಾಡನ್ನ ವಾಪಸ್ ಕೊಡೋದು ಅಂದ್ರೆ ಇನ್ನೊಂದು ಆಪರೇಷನ್.

ನಮ್ಮ ಹತ್ತಿರದ ಕಥೆಯೂ ಇದೆ. 2016ರಲ್ಲಿ ಹೈದರಾಬಾದಿನಲ್ಲಿ ಒಬ್ಬ ಸಾಫ್ಟ್‌ವೇರ್ ಹುಡುಗ ಕಾಣೆಯಾದ. ತಂದೆ ತಾಯಿ ಪೊಲೀಸರಿಗೆ ದೂರು ಕೊಟ್ಟರು. ಹುಡುಕಿದರೆ ಆಸ್ಪತ್ರೆಯ ಹಾಸಿಗೆಯ ಮೇಲೆ ಸಿಕ್ಕ, ಎರಡೂ ಕಾಲಿಗೆ ಆಪರೇಷನ್ ಮಾಡಿಸಿಕೊಂಡು. ಮನೆಯಲ್ಲಿ ಹೇಳಿರಲಿಲ್ಲ. ನನಗಿಂತ ಎತ್ತರದ ಹುಡುಗ ಅವನು! ವಯಸ್ಕ, ತನ್ನ ಸಹಿ ತಾನೇ ಹಾಕಿದ್ದಾನೆ ಅಂತ ಒಂದು ಕಡೆ. ಆರೋಗ್ಯವಂತನ ಕಾಲು ಮುರಿಯೋದು ಯಾವ ನೀತಿ ಅಂತ ಇನ್ನೊಂದು ಕಡೆ. ರಾಜ್ಯದ ವೈದ್ಯಕೀಯ ಮಂಡಳಿವರೆಗೂ ಹೋಯಿತು, ವೈದ್ಯರ ಮೇಲೆ ಕ್ರಮ ಆಯಿತು. ಆ ವಾರ ಎಲ್ಲ ಚಾನೆಲ್‌ಗಳೂ ಅದನ್ನೇ ಹಾಕಿದವು. ಒಂದರಲ್ಲೂ ದಿನಕ್ಕೊಂದು ಮಿಲಿಮೀಟರ್ ಅಂದ್ರೆ ಏನು ಅಂತ ಹೇಳಿದ್ದು ನನಗೆ ನೆನಪಿಲ್ಲ.

ಈಗ ಲೆಕ್ಕ. ಹಾವೇರಿ ಹುಡುಗನಿಗೆ ಬೇಕಿರೋದು ನಾಲ್ಕು ಸೆಂಟಿಮೀಟರ್, ಅಂದರೆ ನಲವತ್ತು ಮಿಲಿಮೀಟರ್. ಎಲ್ಲ ಸರಿಹೋದರೆ ನಲವತ್ತು ದಿನ ಎಳೆತ. ಹೊರಗಿನ ಬಳೆ ಯಂತ್ರವಾದರೆ ಎರಡೂ ಕಾಲಿಗೆ ನಾಲ್ಕು ನಾಲ್ಕು ಕಡ್ಡಿ, ದಿನಕ್ಕೆ ನಾಲ್ಕು ಸಲ: 1,280 ಬಾರಿ ನಟ್ಟು ತಿರುಗಿಸಬೇಕು. ಆಮೇಲೆ ಹೊಸ ಮೂಳೆ ಗಟ್ಟಿಯಾಗೋದಕ್ಕೆ ಒಂದು ಸೆಂಟಿಮೀಟರಿಗೆ ಸರಿಸುಮಾರು ಒಂದು ತಿಂಗಳು ಅಂತ ಲೆಕ್ಕ ಹಿಡಿಯುತ್ತಾರೆ. ನಾಲ್ಕೈದು ತಿಂಗಳು ಬಳೆ ಹೊತ್ತು ಮಲಗೋದು, ಏಳೋದು, ಸ್ನಾನ. ಒಂದೊಂದು ತಂತಿಯ ಬುಡವೂ ಕೀವಿಗೆ ಬಾಗಿಲು, ದಿನಾ ಸ್ವಚ್ಛ ಮಾಡಬೇಕು. ಮೂಳೆ ಬೆಳೆಯುತ್ತೆ, ಆದರೆ ಸ್ನಾಯು ಅದರ ಜೊತೆ ಸಲೀಸಾಗಿ ಬರೋದಿಲ್ಲ. ಹಿಮ್ಮಡಿಯ ನರ ಬಿಗಿದು ಪಾದ ಬೆರಳ ತುದಿಯ ಮೇಲೆ ನಿಂತುಬಿಡುತ್ತೆ, ಮೊಣಕಾಲು ಮಡಚೋದಿಲ್ಲ. ದಿನಾ ಗಂಟೆಗಟ್ಟಲೆ ಫಿಸಿಯೋಥೆರಪಿ ಬೇಕು, ಅದು ಬಿಟ್ಟರೆ ಆಪರೇಷನ್ನೇ ವ್ಯರ್ಥ. ನರಕ್ಕೆ ಪೆಟ್ಟಾದರೆ ಪಾದ ಮೇಲೆತ್ತೋಕೇ ಆಗೋದಿಲ್ಲ. ಅಪರೂಪಕ್ಕೆ ಮೂಳೆಯೊಳಗಿನ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ದುಡ್ಡು? ಅಮೆರಿಕದಲ್ಲಿ ಒಳಗಿನ ರಾಡಿಗೆ ಸುಮಾರು 75 ಸಾವಿರ ಡಾಲರಿನಿಂದ ಒಂದೂವರೆ ಲಕ್ಷ ಡಾಲರ್‌ವರೆಗೆ, ನಮ್ಮ ದುಡ್ಡಲ್ಲಿ ಅರವತ್ತು ಲಕ್ಷಕ್ಕೂ ಮೇಲೆ. ಅದಕ್ಕೇ ಟರ್ಕಿಗೆ ಜನ ವಿಮಾನ ಹತ್ತುತ್ತಾರೆ. ನಮ್ಮಲ್ಲಿ ಹೊರಗಿನ ಬಳೆಯಾದರೆ ಕಡಿಮೆ, ಆದರೂ ಲಕ್ಷಗಳ ಮಾತೇ. ಸೌಂದರ್ಯಕ್ಕಾಗಿ ಮಾಡಿಸಿಕೊಂಡದ್ದಕ್ಕೆ ಆರೋಗ್ಯ ವಿಮೆ ಪೈಸೆ ಕೊಡೋದಿಲ್ಲ. ರಾಡು ತೆಗೆಸೋ ಎರಡನೇ ಆಪರೇಷನ್, ಫಿಸಿಯೋಥೆರಪಿ, ದುಡಿಮೆ ಇಲ್ಲದ ತಿಂಗಳುಗಳು, ಜೊತೆಗಿರೋಕೆ ಕೂಲಿ ಬಿಟ್ಟು ಬರೋ ಅಮ್ಮ, ಇವು ಯಾವ ಆಸ್ಪತ್ರೆಯ ಪ್ಯಾಕೇಜ್ ಚೀಟಿಯಲ್ಲೂ ಬರೋದಿಲ್ಲ.

ನಾನೇಕೆ ಮಾಡಿಸಿಕೊಳ್ಳಲಿಲ್ಲ ಅಂತ ಕೇಳಬಹುದು. ಧೈರ್ಯ ಇರಲಿಲ್ಲ ಅನ್ನೋದೇ ನಿಜ, ದೊಡ್ಡ ತತ್ವ ಏನೂ ಅಲ್ಲ. ಆಮೇಲೆ ಪೆಟ್ಟಿಗೆ ಸಿಕ್ಕಿತು. ಎಲ್ಲರಿಗೂ ಪೆಟ್ಟಿಗೆ ಸಿಗೋದಿಲ್ಲ ಅಂತಲೂ ಗೊತ್ತು. ಮಾಡಿಸಿಕೊಂಡು ಸಂತೋಷವಾಗಿರೋರೂ ಇದ್ದಾರೆ, ಒಳ್ಳೇ ಕೈಯಲ್ಲಿ ಬಹುತೇಕರಿಗೆ ಮೂಳೆ ಕೂಡುತ್ತೆ. ಅದನ್ನ ಮುಚ್ಚಿಟ್ಟರೆ ಆ ಒಂದೂವರೆ ನಿಮಿಷದ ಸ್ಟೋರಿಯನ್ನೇ ಉಲ್ಟಾ ಮಾಡಿ ಹೇಳಿದ ಹಾಗಾಗುತ್ತೆ.

ಹುಡುಗನಿಗೆ ಮರುದಿನ ಫೋನ್ ಮಾಡಿದೆ. ಇಷ್ಟನ್ನೂ ಹೇಳಿದೆ. ಬ್ರೂಮೆಲ್ ಕಥೆ ಅವನಿಗೆ ಬಹಳ ಹಿಡಿಸಿತು. "ಎರಡು ಮೀಟರ್ ಜಿಗಿದ್ರಾ ಸರ್? ನಮಗೆ ಒಂದು ಮೀಟರ್ ಇಪ್ಪತ್ತು ಸಾಕು" ಅಂದ. ಅವನ ಲೆಕ್ಕ ಸರಿಯೇ. ಪೊಲೀಸ್ ದೈಹಿಕ ಪರೀಕ್ಷೆಯಲ್ಲಿ ಎತ್ತರ ಜಿಗಿತ ಅಷ್ಟೇ. ಆದರೆ ಅದರ ಜೊತೆ 1600 ಮೀಟರ್ ಓಟವೂ ಇದೆ, ಆರೂವರೆ ನಿಮಿಷದಲ್ಲಿ.

"ಈಗ ಎಷ್ಟರಲ್ಲಿ ಓಡ್ತೀಯಪ್ಪ?" ಅಂತ ಕೇಳಿದೆ.

"ಐದು ನಿಮಿಷ ನಲವತ್ತು ಸೆಕೆಂಡ್ ಸರ್. ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಓಡ್ತೀನಿ."

"ಎರಡೂ ಕಾಲು ಮುರಿಸಿ ಕೂಡಿಸಿದ ಮೇಲೆ ಎಷ್ಟರಲ್ಲಿ ಓಡ್ತೀಯ ಅಂತ ಡಾಕ್ಟರನ್ನ ಕೇಳಿದ್ಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಕೇಳಿರಲಿಲ್ಲ. ವಿಚಾರಿಸಿದ ಕಡೆ ಅವನ ಎತ್ತರ ಕೇಳಿದ್ದರು, ಎಷ್ಟು ಬೇಕು ಅಂತ ಕೇಳಿದ್ದರು, ದುಡ್ಡು ಹೇಳಿದ್ದರು. ಓಟದ ಮಾತು ಬಂದಿರಲಿಲ್ಲ. ಕಾಲಿನ ಮೇಲಿನ ಆ ಗಾಯದ ಗುರುತು ಮೆಡಿಕಲ್‌ನಲ್ಲಿ ಕಾಣೋದಿಲ್ವಾ ಅಂತ ಅವನಿಗೂ ಹೊಳೆದಿರಲಿಲ್ಲ.

"ಅಪ್ಪನ ಹತ್ರ ಕೊಡ್ತೀನಿ ಸರ್, ನೀವೇ ಒಂದ್ಸಲ ಹೇಳಿ" ಅಂದ. ಯಜಮಾನರು ಫೋನ್ ತಗೊಂಡು ನಮಸ್ಕಾರ ಹೇಳಿದರು. ನಟ್ಟು, ಬಳೆ, ಸೈಬೀರಿಯಾ ಎಲ್ಲ ಬಿಟ್ಟು ಅವರು ಕೇಳಿದ್ದು ಒಂದೇ ಮಾತು: "ಕೂಡಲಿಲ್ಲ ಅಂದ್ರೆ ಮೊದ್ಲಿದ್ದಂಗೆ ಮಾಡಿಕೊಡ್ತಾರೇನ್ರೀ?"

ಇಲ್ಲ ಅಂದೆ.